ಲಿಗಮೆಂಟ್ ಪೆಟ್ಟಿನ ನಂತರ ಮಂಡಿಗೆ ಬ್ರೇಸ್: ಯಾವುದು, ಎಷ್ಟು ದಿನ, ಯಾವಾಗ ಬಿಡಬೇಕು?

ಪ್ರಶ್ನೆ: ನನಗೆ 27 ವರ್ಷ. ಸಾಗರ ತಾಲ್ಲೂಕಿನ ಹಳ್ಳಿಯಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಐದು ವಾರಗಳ ಹಿಂದೆ ಕಬಡ್ಡಿ ಆಡುವಾಗ ಎದುರಾಳಿ ನನ್ನ ಬಲ ಮಂಡಿಯ ಹೊರಬದಿಯ ಮೇಲೆ ಬಿದ್ದು, ಮಂಡಿ ಒಳಮಗ್ಗುಲಿಗೆ ಬಾಗಿತು. ಎಂ.ಆರ್.ಐ. ವರದಿಯಲ್ಲಿ ‘ಎಂ.ಸಿ.ಎಲ್. ಗ್ರೇಡ್ 2, ಎ.ಸಿ.ಎಲ್. ಸ್ಪ್ರೇನ್’ ಎಂದಿದೆ. ಆಪರೇಷನ್ ಬೇಡವೆಂದು ಹೇಳಿದ ಡಾಕ್ಟರು ಪಕ್ಕಗಳಲ್ಲಿ ಕೀಲಿರುವ ಬ್ರೇಸ್ ಬರೆದುಕೊಟ್ಟರು. ಅಂದಿನಿಂದ ಹಗಲು ರಾತ್ರಿ ಅದನ್ನು ತೆಗೆದಿಲ್ಲ. ಈಗ ತೊಡೆ ಸಣ್ಣಗಾಗಿದೆ, ಬ್ರೇಸ್ ಕೆಳಕ್ಕೆ ಜಾರುತ್ತದೆ. ಮೆಡಿಕಲ್ ಶಾಪಿನವರು ಇನ್ನು ನೀ ಕ್ಯಾಪ್ ಸಾಕು ಎನ್ನುತ್ತಾರೆ. ಬ್ರೇಸ್ ಹಾಕಿದರೆ ಎ.ಸಿ.ಎಲ್. ತಾನಾಗಿ ಕೂಡುತ್ತದೆ ಎಂದು ಒಂದು ವಿಡಿಯೋದಲ್ಲಿ ನೋಡಿದೆ, ಅದು ನಿಜವೇ? ಬ್ರೇಸ್ ಯಾವಾಗ ಬಿಡಬೇಕು? ಬೈಕ್ ಓಡಿಸಬಹುದೇ? ಇನ್ನೆರಡು ತಿಂಗಳಿಗೆ ಊರ ಜಾತ್ರೆಯ ಪಂದ್ಯಾವಳಿ ಇದೆ, ಬ್ರೇಸ್ ಕಟ್ಟಿಕೊಂಡು ಆಡಬಹುದೇ? ನನ್ನದು ಮುಗಿದ ಮೇಲೆ ಇದನ್ನೇ ಮಂಡಿನೋವಿರುವ ನಮ್ಮ ಅಮ್ಮ ಹಾಕಿಕೊಳ್ಳಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಎರಡು ಮಾತುಗಳನ್ನು. ಐದು ವಾರಗಳಿಂದ ಬ್ರೇಸ್ ತೆಗೆದಿಲ್ಲ ಎಂಬುದು ಒಂದು, ತೊಡೆ ಸಣ್ಣಗಾಗಿದೆ ಎಂಬುದು ಇನ್ನೊಂದು. ಎರಡನೆಯದು ಬಹುಮಟ್ಟಿಗೆ ಮೊದಲನೆಯದರ ಫಲ. ಮೂಳೆಗೆ ಮೂಳೆಯನ್ನು ಬಿಗಿದಿಡುವ ನಾರಿನ ಪಟ್ಟಿಯಾದ ಲಿಗಮೆಂಟ್ ಕೂಡಿಕೊಳ್ಳುವಷ್ಟು ಕಾಲ ಅದರ ಮೇಲೆ ತಪ್ಪು ದಿಕ್ಕಿನ ಎಳೆತ ಬೀಳದಂತೆ ತಡೆಯುವುದಷ್ಟೇ ಬ್ರೇಸಿನ ಕೆಲಸ. ಆ ಕಾಲದಲ್ಲಿ ಸ್ನಾಯುಗಳನ್ನು ಉಳಿಸಿಕೊಳ್ಳುವ ಕೆಲಸ ವ್ಯಾಯಾಮದ್ದು. ಚೀಟಿಯಲ್ಲಿ ಬ್ರೇಸಿನ ಹೆಸರಿದ್ದು ವ್ಯಾಯಾಮದ ವಿವರ ಇಲ್ಲದಿದ್ದರೆ, ಅಥವಾ ಇದ್ದೂ ಅದನ್ನು ಯಾರೂ ಮಾಡಿಸಿ ತೋರಿಸದಿದ್ದರೆ, ನಿಮಗೆ ಈಗ ಆಗಿರುವಂತೆಯೇ ಆಗುತ್ತದೆ. ಹಾಗೆಂದು ಇದನ್ನು ಓದಿದ ಕೂಡಲೇ ಬ್ರೇಸನ್ನು ಬಿಚ್ಚಿ ಮೂಲೆಗೆ ಎಸೆಯಬೇಡಿ. ಮೊದಲು ಯಾವ ಲಿಗಮೆಂಟಿಗೆ ಏನಾಗಿದೆ ಎಂಬುದು ನಿಮಗೆ ಸ್ಪಷ್ಟವಾಗಬೇಕು, ಏಕೆಂದರೆ ನಿಮ್ಮ ಉಳಿದ ಪ್ರಶ್ನೆಗಳ ಉತ್ತರವೆಲ್ಲ ಅದನ್ನೇ ಅವಲಂಬಿಸಿದೆ.

ಮಂಡಿಯನ್ನು ಮುಖ್ಯವಾಗಿ ನಾಲ್ಕು ಲಿಗಮೆಂಟುಗಳು ಹಿಡಿದಿಟ್ಟಿವೆ. ಒಳಬದಿಗೊಂದು, ಹೊರಬದಿಗೊಂದು, ಕೀಲಿನ ನಡುವೆ ಒಂದನ್ನೊಂದು ಅಡ್ಡಹಾಯ್ದ ಎರಡು. ವರದಿಯಲ್ಲಿರುವ ಎಂ.ಸಿ.ಎಲ್. ಎಂದರೆ ಒಳಬದಿಯ ಲಿಗಮೆಂಟ್. ಅದು ತೊಡೆಮೂಳೆಯ ಒಳಬದಿಯ ಉಬ್ಬಿನಿಂದ ಹೊರಟು, ಕೀಲಿನ ಗೆರೆಗಿಂತ ಸುಮಾರು 6 ಸೆಂ.ಮೀ. ಕೆಳಗೆ ಮುಂಗಾಲಿನ (ಮಂಡಿಯಿಂದ ಪಾದದ ಗಂಟಿನವರೆಗಿನ ಕಾಲಿನ) ಮೂಳೆಗೆ ಅಂಟಿಕೊಳ್ಳುವ ಅಗಲವಾದ ಪಟ್ಟಿ. ಮಂಡಿ ಒಳಮಗ್ಗುಲಿಗೆ ಬಾಗದಂತೆ ತಡೆಯುವುದು ಅದೇ. ಹೊರಬದಿಯಿಂದ ಬಿದ್ದ ಭಾರಕ್ಕೆ ಮೊದಲು ಸಿಕ್ಕಿಕೊಳ್ಳುವುದೂ ಅದೇ ಆದ್ದರಿಂದ, ನಿಮಗೆ ಪೆಟ್ಟಾದ ಬಗೆಗೂ ವರದಿಗೂ ಹೊಂದಾಣಿಕೆ ಇದೆ. ಗ್ರೇಡ್ 2 ಎಂದರೆ ಎಳೆಗಳಲ್ಲಿ ಒಂದು ಭಾಗ ಹರಿದಿದೆ, ಪಟ್ಟಿ ಪೂರ್ತಿ ತುಂಡಾಗಿಲ್ಲ. ಈ ಲಿಗಮೆಂಟ್ ಕೀಲಿನ ಕುಳಿಯ ಹೊರಗಿದ್ದು ಸುತ್ತಲಿನ ಅಂಗಾಂಶದಿಂದ ಅದಕ್ಕೆ ರಕ್ತ ಚೆನ್ನಾಗಿ ಸಿಗುವುದರಿಂದ, ಹರಿದ ಎಳೆಗಳು ಹತ್ತಿರದಲ್ಲೇ ಇದ್ದರೆ ಹೊಲಿಗೆಯಿಲ್ಲದೆ ಕೂಡಿಕೊಳ್ಳುತ್ತವೆ. ನಿಮ್ಮ ಡಾಕ್ಟರು ಆಪರೇಷನ್ ಬೇಡವೆಂದದ್ದು ಇದೇ ಕಾರಣಕ್ಕಿರಬೇಕು, ಮತ್ತು ಅದು ಸರಿಯಾದ ನಿರ್ಧಾರವೇ.

ಕೂಡಿಕೊಳ್ಳುವುದು ಎಂದರೆ ಒಂದು ದಿನ ಅಂಟಿಕೊಂಡು ಮುಗಿಯುವ ಕೆಲಸವಲ್ಲ. ಮೊದಲ ಕೆಲವು ದಿನ ಊತ ಮತ್ತು ರಕ್ತಸ್ರಾವದ ಹಂತ. ಅಲ್ಲಿಂದ ಸುಮಾರು ಆರು ವಾರದವರೆಗೆ ಹೊಸ ಎಳೆಗಳು ಹೆಣೆದುಕೊಳ್ಳುತ್ತವೆ, ಆದರೆ ಅವು ಇನ್ನೂ ಅಡ್ಡಾದಿಡ್ಡಿಯಾಗಿರುತ್ತವೆ. ಅವು ಎಳೆತದ ದಿಕ್ಕಿಗೆ ಸಾಲಾಗಿ ಜೋಡಿಸಿಕೊಂಡು ಗಟ್ಟಿಯಾಗುವುದಕ್ಕೆ ತಿಂಗಳುಗಳು ಹಿಡಿಯುತ್ತವೆ. ಯಾವ ದಿಕ್ಕಿಗೆ ಸಾಲಾಗಬೇಕು ಎಂಬುದನ್ನು ಎಳೆಗಳಿಗೆ ತಿಳಿಸುವುದು ಚಲನೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಸಾವಿಯೋ ವೂ ಎಂಬ ಸಂಶೋಧಕರ ತಂಡ ಮೊಲಗಳ ಮಂಡಿಯನ್ನು ಒಂಬತ್ತು ವಾರ ಅಲುಗಾಡದಂತೆ ಕಟ್ಟಿಟ್ಟು ನೋಡಿದಾಗ, ಪೆಟ್ಟೇ ಆಗಿರದ ಒಳಬದಿಯ ಲಿಗಮೆಂಟಿನ ತಾಳುಶಕ್ತಿ ಇನ್ನೊಂದು ಕಾಲಿನದಕ್ಕೆ ಹೋಲಿಸಿದರೆ ಸುಮಾರು ಮೂರನೇ ಒಂದಕ್ಕೆ ಇಳಿದಿತ್ತು. ಇಂಥ ಪ್ರಯೋಗಗಳ ನಂತರವೇ ಮಂಡಿಗೆ ಪ್ಲಾಸ್ಟರ್ ಹಾಕಿ ಆರು ವಾರ ಮಲಗಿಸುವ ಪದ್ಧತಿ ಹಿಂದೆ ಸರಿದು, ಮಡಚಲು ಬಿಡುವ ಆದರೆ ಪಕ್ಕಕ್ಕೆ ವಾಲಲು ಬಿಡದ ಕೀಲಿನ ಬ್ರೇಸು ಮುಂದೆ ಬಂದಿತು. ನಿಮ್ಮ ಕೈಗೆ ಬಂದಿರುವುದು ಆ ಬಗೆಯದು. ಅದನ್ನು ಹಾಕಿಕೊಂಡು ಮಂಡಿಯನ್ನು ಮಡಚದೆ ನೀಟವಾಗಿ ಇಟ್ಟುಕೊಂಡು ಕುಳಿತರೆ ಹಳೆಯ ಪ್ಲಾಸ್ಟರಿಗೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಮೆಡಿಕಲ್ ಶಾಪಿನ ಸಲಹೆಯ ವಿಷಯ. ಕೆಲವು ನೂರು ರೂಪಾಯಿಗೆ ಸಿಗುವ ನೀ ಕ್ಯಾಪ್ ಎಂದರೆ ಎಳೆದರೆ ಹಿಗ್ಗುವ ಬಟ್ಟೆಯ ತೋಳು. ಅದು ಮಂಡಿಯನ್ನು ಬೆಚ್ಚಗಿಡುತ್ತದೆ, ಸಣ್ಣ ಊತವನ್ನು ಅದುಮುತ್ತದೆ, ‘ಇಲ್ಲಿ ಪೆಟ್ಟಾಗಿದೆ, ಜೋಪಾನ’ ಎಂದು ಚರ್ಮದ ಮೂಲಕ ನೆನಪಿಸುತ್ತಿರುತ್ತದೆ. ಆ ನೆನಪಿಗೂ ಬೆಲೆಯಿದೆ, ಅನೇಕರಿಗೆ ಅದನ್ನು ಹಾಕಿದಾಗ ಕಾಲು ಹೆಚ್ಚು ಭದ್ರವೆನಿಸುವುದು ಸುಳ್ಳಲ್ಲ. ಆದರೆ ಮಂಡಿ ಪಕ್ಕಕ್ಕೆ ಬಾಗುವುದನ್ನು ಬಟ್ಟೆ ತಡೆಯಲಾರದು. ಕೆಲವು ಕ್ಯಾಪುಗಳ ಪಕ್ಕದಲ್ಲಿ ಸುರುಳಿ ತಂತಿಯಂಥ ಪಟ್ಟಿಗಳನ್ನು ಹೊಲಿದಿರುತ್ತಾರೆ. ಅವು ಬಟ್ಟೆ ಮುದುಡದಿರಲೆಂದು ಇಟ್ಟವು, ಅವನ್ನು ಕೀಲು ಎಂದು ತಿಳಿಯಬಾರದು. ಇನ್ನೊಂದು, ತೊಡೆಯ ಬುಡದಿಂದ ಪಾದದ ಗಂಟಿನ ಸಮೀಪದವರೆಗೆ ಬರುವ ಉದ್ದನೆಯ ಬ್ರೇಸ್. ಮಂಡಿಯನ್ನು ಮಡಚಲೇ ಬಿಡದ ಅದನ್ನು ಪೆಟ್ಟಾದ ಮೊದಲ ದಿನಗಳಲ್ಲಿ, ಚಿಪ್ಪಿನ ಮುರಿತದಲ್ಲಿ ಅಥವಾ ಕೆಲವು ಆಪರೇಷನ್‌ಗಳ ನಂತರ ಕೊಡುತ್ತಾರೆ. ಒಳಬದಿಯ ಗ್ರೇಡ್ 2 ಪೆಟ್ಟಿಗೆ ವಾರಗಟ್ಟಲೆ ಅದನ್ನು ಹಾಕಿಸುವುದು ನನಗಂತೂ ಸಮ್ಮತವಲ್ಲ. ಆದ್ದರಿಂದ ಈಗ ನಿಮ್ಮಲ್ಲಿರುವ ಕೀಲಿನ ಬ್ರೇಸೇ ಸರಿ. ನೀ ಕ್ಯಾಪಿಗೆ ಸರದಿ ಬರುವುದಿದ್ದರೆ ಅದು ಕೊನೆಯ ಹಂತದಲ್ಲಿ, ಆಗಲೂ ಕಡ್ಡಾಯವಲ್ಲ.

ಎ.ಸಿ.ಎಲ್. ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು, ಏಕೆಂದರೆ ಮುಂದಿನ ನಿಮ್ಮ ಕಬಡ್ಡಿಯನ್ನು ತೀರ್ಮಾನಿಸುವುದು ಒಳಬದಿಯ ಲಿಗಮೆಂಟಲ್ಲ, ಇದು. ಕೀಲಿನ ನಡುವೆ ಅಡ್ಡಹಾಯ್ದ ಎರಡರಲ್ಲಿ ಒಂದಾದ ಈ ಲಿಗಮೆಂಟ್ ಮುಂಗಾಲಿನ ಮೂಳೆ ಮುಂದಕ್ಕೆ ಜಾರದಂತೆ ಮತ್ತು ತಿರುಚಿಕೊಳ್ಳದಂತೆ ಹಿಡಿಯುತ್ತದೆ. ವರದಿಯಲ್ಲಿ ‘ಸ್ಪ್ರೇನ್’ ಎಂದು ಬರೆದದ್ದು ಚಿತ್ರದಲ್ಲಿ ಕಂಡ ಊತದ ವರ್ಣನೆ. ಲಿಗಮೆಂಟ್ ಹಗ್ಗದಂತೆ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಎಂಬುದನ್ನು ತಿಳಿಯಲು ಮಂಡಿಯನ್ನು ಸುಮಾರು 20–30 ಡಿಗ್ರಿ ಮಡಚಿ, ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದು ಕೈಯಲ್ಲಿ ಮುಂಗಾಲನ್ನು ಮುಂದಕ್ಕೆಳೆದು ನೋಡುವ ಲ್ಯಾಕ್‌ಮನ್ ಪರೀಕ್ಷೆ ಮಾಡಬೇಕು. ಪೆಟ್ಟಾದ ಹೊಸದರಲ್ಲಿ ನೋವಿನಿಂದ ಸ್ನಾಯು ಸೆಟೆದುಕೊಂಡಿರುವಾಗ ಈ ಪರೀಕ್ಷೆ ಸರಿಯಾಗಿ ಸಿಗುವುದಿಲ್ಲ. ಊತ ಇಳಿದ ಈ ಹೊತ್ತಿನಲ್ಲಿ ಚೆನ್ನಾಗಿ ಸಿಗುತ್ತದೆ. ಹಾಗಾಗಿ ನಿಮ್ಮ ಮೂಳೆತಜ್ಞರ ಬಳಿ ಈ ವಾರವೇ ಹೋಗಿ, ಎರಡೂ ಕಾಲುಗಳನ್ನು ಹೋಲಿಸಿ ಈ ಪರೀಕ್ಷೆ ಮಾಡುವಂತೆ ಕೇಳಿಕೊಳ್ಳಿ. ನಡೆಯುವಾಗ, ಮುಖ್ಯವಾಗಿ ತಿರುಗುವಾಗ, ಮಂಡಿ ‘ಕೈಕೊಟ್ಟಂತೆ’ ಆಗಿದ್ದರೆ ಅದನ್ನು ಮರೆಯದೆ ಹೇಳಿ.

ನೀವು ನೋಡಿದ ವಿಡಿಯೋದ ಮಾತು ಪೂರ್ತಿ ಸುಳ್ಳಲ್ಲ, ಆದರೆ ನಿಮಗೆ ಅನ್ವಯಿಸುವಂಥದ್ದಲ್ಲ. ಆಸ್ಟ್ರೇಲಿಯಾದ ವೈದ್ಯರು 2023ರಲ್ಲಿ ಪ್ರಕಟಿಸಿದ ಒಂದು ವರದಿಯಲ್ಲಿ, ಎ.ಸಿ.ಎಲ್. ಹರಿದ 80 ಜನರ ಮಂಡಿಯನ್ನು 90 ಡಿಗ್ರಿಗೆ ಮಡಚಿದ ಸ್ಥಿತಿಯಲ್ಲೇ ನಾಲ್ಕು ವಾರ ಬ್ರೇಸಿನಲ್ಲಿ ಬೀಗ ಹಾಕಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತ 12 ವಾರಕ್ಕೆ ತೆಗೆದರು. ಮೂರು ತಿಂಗಳ ಎಂ.ಆರ್.ಐ.ಯಲ್ಲಿ ಶೇ. 90 ಜನರಲ್ಲಿ ಲಿಗಮೆಂಟ್ ಕೂಡಿಕೊಂಡ ಲಕ್ಷಣ ಕಂಡಿತು. ಹರಿದ ತುದಿಗಳು ಮಂಡಿ ಮಡಚಿದಾಗ ಹತ್ತಿರ ಬರುತ್ತವೆ ಎಂಬುದು ಇದರ ಹಿಂದಿನ ತರ್ಕ. ಇದು ಗಮನ ಸೆಳೆಯುವ ಫಲಿತಾಂಶವೇ ಸರಿ, ಆದರೆ ಹೋಲಿಕೆಗೆ ಇನ್ನೊಂದು ಗುಂಪನ್ನು ಇಟ್ಟುಕೊಂಡು ಮಾಡಿದ ಅಧ್ಯಯನ ಅದಲ್ಲ. ಅದನ್ನು ಪೆಟ್ಟಾದ ಕೆಲವೇ ವಾರಗಳೊಳಗೆ ಆರಂಭಿಸಬೇಕು. ಕಾಲು ಹಾಗೆ ಮಡಚಿಟ್ಟಾಗ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ರಕ್ತ ತೆಳುಗೊಳಿಸುವ ಔಷಧಿಯನ್ನು ಜೊತೆಗೆ ಕೊಟ್ಟಿದ್ದರು. ಅಂಗಡಿಯಿಂದ ತಂದ ಬ್ರೇಸನ್ನು ಮನೆಯಲ್ಲಿ 90 ಡಿಗ್ರಿಗೆ ಬಿಗಿದುಕೊಂಡು ಯಾರೂ ಇದನ್ನು ತಾವಾಗಿ ಮಾಡಕೂಡದು. ನಿಮ್ಮ ಬ್ರೇಸಿನ ಉದ್ದೇಶವೂ ಬೇರೆ, ಅದನ್ನು ಕೂರಿಸಿರುವ ಕೋನವೂ ಬೇರೆ.

ಇದರ ಜೊತೆಗೆ ಇನ್ನೊಂದು ಅಧ್ಯಯನವೂ ನಿಮಗೆ ತಿಳಿದಿರಲಿ. ಸ್ವೀಡನ್‌ನಲ್ಲಿ ಎ.ಸಿ.ಎಲ್. ಹರಿದ 121 ಯುವ ಕ್ರಿಯಾಶೀಲರನ್ನು ಎರಡು ಗುಂಪು ಮಾಡಿ, ಒಂದಕ್ಕೆ ವ್ಯಾಯಾಮದ ಜೊತೆ ಬೇಗನೆ ಆಪರೇಷನ್, ಇನ್ನೊಂದಕ್ಕೆ ವ್ಯಾಯಾಮ ಮಾತ್ರ ಕೊಟ್ಟು, ಬೇಕೆನಿಸಿದರೆ ಆಮೇಲೆ ಆಪರೇಷನ್ ಎಂದು ಬಿಟ್ಟರು. 2010ರಲ್ಲಿ ಪ್ರಕಟವಾದ ಎರಡು ವರ್ಷಗಳ ಫಲಿತಾಂಶದಲ್ಲಿ ನೋವು, ಓಡಾಟ, ಬದುಕಿನ ಗುಣಮಟ್ಟದ ಅಂಕಗಳಲ್ಲಿ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಐದು ವರ್ಷದ ಹೊತ್ತಿಗೆ ಎರಡನೆಯ ಗುಂಪಿನ ಸುಮಾರು ಅರ್ಧದಷ್ಟು ಜನ ಆಪರೇಷನ್ ಮಾಡಿಸಿಕೊಂಡಿದ್ದರು, ಉಳಿದರ್ಧ ಜನರಿಗೆ ಅದು ಬೇಕಾಗಲಿಲ್ಲ. ಅಂದರೆ ಪೂರ್ತಿ ಹರಿದವರಲ್ಲೂ ಮೊದಲ ಮದ್ದು ಒಳ್ಳೆಯ ವ್ಯಾಯಾಮವೇ. ನಿಮ್ಮದು ಪೂರ್ತಿ ಹರಿದದ್ದಲ್ಲ ಎಂಬುದು ಪರೀಕ್ಷೆಯಲ್ಲಿ ಖಚಿತವಾದರೆ ಆತಂಕಕ್ಕೆ ಇನ್ನೂ ಕಡಿಮೆ ಕಾರಣ.

ಇನ್ನು ಜಾರುವ ಬ್ರೇಸ್. ಇದು ಚಿಕ್ಕ ಕಿರಿಕಿರಿಯಂತೆ ಕಂಡರೂ ಚಿಕಿತ್ಸೆಯನ್ನೇ ಕೆಡಿಸಬಲ್ಲದು. ಬ್ರೇಸಿನ ಎರಡು ಪಕ್ಕದ ಲೋಹದ ಕೀಲುಗಳು ಮಂಡಿ ಚಿಪ್ಪಿನ ನಡುಮಟ್ಟದಲ್ಲಿ, ಕಾಲನ್ನು ಪಕ್ಕದಿಂದ ನೋಡಿದಾಗ ನಟ್ಟನಡುವಿಗಿಂತ ಸ್ವಲ್ಪ ಹಿಂದಕ್ಕೆ, ಒಂದೇ ಎತ್ತರದಲ್ಲಿ ಕೂರಬೇಕು. ಬ್ರೇಸ್ ಎರಡು ಬೆರಳಿನಷ್ಟು ಕೆಳಗೆ ಜಾರಿದರೂ ನಿಮ್ಮ ಮಂಡಿ ಒಂದು ಅಕ್ಷದಲ್ಲಿ, ಲೋಹದ ಕೀಲು ಇನ್ನೊಂದು ಅಕ್ಷದಲ್ಲಿ ಮಡಚಲು ಹೊರಟು, ಪ್ರತಿ ಹೆಜ್ಜೆಗೂ ಪಟ್ಟಿಗಳು ಮಾಂಸವನ್ನು ಎಳೆಯುತ್ತವೆ. ಚರ್ಮದ ಮೇಲೆ ಪೆನ್ನಿನಿಂದ ಚಿಪ್ಪಿನ ನಡುಮಟ್ಟಕ್ಕೆ ಒಂದು ಗೆರೆ ಎಳೆದುಕೊಂಡು, ಬ್ರೇಸ್ ಕಟ್ಟಿ, ಅಂಗಳದಲ್ಲಿ ಹತ್ತಿಪ್ಪತ್ತು ನಿಮಿಷ ನಡೆದು ಬಂದು ಕೀಲು ಎಲ್ಲಿಗೆ ಬಂದಿದೆ ನೋಡಿ. ಗೆರೆಯಿಂದ ಇಳಿದಿದ್ದರೆ ಬ್ರೇಸ್ ನಿಮಗೀಗ ದೊಡ್ಡದಾಗಿದೆ, ಅಥವಾ ಕಟ್ಟುವ ಕ್ರಮ ತಪ್ಪಿದೆ ಎಂದರ್ಥ.

ಕಟ್ಟುವಾಗ ಕುರ್ಚಿಯ ಅಂಚಿನಲ್ಲಿ ಕುಳಿತು ಮಂಡಿಯನ್ನು ಸ್ವಲ್ಪ ಮಡಚಿ ಪಾದವನ್ನು ನೆಲಕ್ಕೂರಿ. ಮೊದಲು ಮಂಡಿಗೆ ತೀರ ಕೆಳಗೆ, ಮೀನಖಂಡ ಉಬ್ಬುವುದಕ್ಕಿಂತ ಮೇಲಿರುವ ಪಟ್ಟಿಯನ್ನು ಬಿಗಿಯಿರಿ. ಬ್ರೇಸ್ ಕೆಳಗಿಳಿಯದಂತೆ ನಿಲ್ಲಿಸುವುದು ಆ ಉಬ್ಬೇ. ಅನಂತರ ಮಂಡಿಗೆ ತುಸು ಮೇಲಿನದು, ಕೊನೆಗೆ ತುದಿಗಳವು. ಕಂಪನಿಯ ಚೀಟಿಯಲ್ಲಿ ಬೇರೆ ಕ್ರಮವಿದ್ದರೆ ಅದನ್ನೇ ಅನುಸರಿಸಿ. ಪಟ್ಟಿಯಡಿ ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಮಂಡಿಯ ಹೊರಬದಿಯಲ್ಲಿ, ಕೀಲಿಗಿಂತ ಕೆಳಗೆ ಕೈಗೆ ಸಿಗುವ ಸಣ್ಣ ಗುಂಡನೆಯ ಮೂಳೆಯ ಹಿಂದೆ ಪಾದವನ್ನು ಮೇಲೆತ್ತುವ ನರ ಹಾದುಹೋಗುತ್ತದೆ. ಅಲ್ಲಿ ಪಟ್ಟಿಯೋ ಲೋಹವೋ ಒತ್ತಿದರೆ ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ, ಒತ್ತಡ ಮುಂದುವರಿದರೆ ಪಾದವನ್ನು ಮೇಲೆತ್ತಲಾಗದೆ ಬೆರಳುಗಳು ನೆಲಕ್ಕೆ ತಗುಲತೊಡಗುತ್ತವೆ. ನಿಮ್ಮ ಬ್ರೇಸಿನ ಕೀಲಿನಲ್ಲಿ 0, 30, 60, 90 ಎಂದು ಅಂಕಿ ಬರೆದ ಮೊಳೆ ಅಥವಾ ಗುಂಡಿ ಇದ್ದರೆ, ಒಳಬದಿ ಮತ್ತು ಹೊರಬದಿಯ ಅಂಕಿಗಳು ಒಂದೇ ಆಗಿವೆಯೇ ನೋಡಿಕೊಳ್ಳಿ. ಒಂದು ಕಡೆ 60, ಇನ್ನೊಂದು ಕಡೆ 90 ಇಟ್ಟುಕೊಂಡು ‘ಬ್ರೇಸ್ ಹಾಕಿದರೇ ನೋವು’ ಎಂದು ಬರುವವರು ಅಪರೂಪವಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಬ್ರೇಸಿನ ಒಳಬಟ್ಟೆ ಒಣಗುವುದೇ ಇಲ್ಲ. ಅದನ್ನು ಬಿಚ್ಚದೆ ವಾರಗಟ್ಟಲೆ ಹಾಕಿಕೊಂಡರೆ ಬೆವರು, ತುರಿಕೆ, ಶಿಲೀಂಧ್ರದ ಸೋಂಕು ಬರುತ್ತವೆ. ಒಳಗೆ ತೆಳ್ಳನೆಯ ಹತ್ತಿಯ ಕಾಲುಚೀಲದಂಥ ಬಟ್ಟೆ ಹಾಕಿ, ದಿನಕ್ಕೊಮ್ಮೆ ಬದಲಿಸಿ. ಪ್ಯಾಂಟಿನ ಮೇಲೆ ಕಟ್ಟಿದರೆ ಬ್ರೇಸ್ ಜಾರುತ್ತದೆ. ಪಂಚೆ ಅಥವಾ ಚಡ್ಡಿ ತೊಟ್ಟು ನೇರವಾಗಿ ಕಟ್ಟುವುದು ಲೇಸು, ಆದರೆ ಪಂಚೆಯ ನೂಲು ವೆಲ್ಕ್ರೋಗೆ ಸಿಕ್ಕಿ ಅದರ ಹಿಡಿತ ಹೋಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಆಗಾಗ ಆ ನೂಲನ್ನು ಬಿಡಿಸಿ.

ಈಗ ಸಣ್ಣಗಾದ ತೊಡೆ. ಮಂಡಿಯೊಳಗೆ ನೀರು ತುಂಬಿದಾಗ, ನೋವಿದ್ದರೂ ಇಲ್ಲದಿದ್ದರೂ, ತೊಡೆಯ ಮುಂಭಾಗದ ಸ್ನಾಯುವಿಗೆ ಬರುವ ನರಸಂದೇಶ ಮಂಕಾಗುತ್ತದೆ. ಅದರ ಮೇಲೆ ಬಳಕೆಯೂ ನಿಂತರೆ ಸ್ನಾಯು ಬೇಗ ಕರಗುತ್ತದೆ. ಟೇಪಿನಿಂದ ಎರಡೂ ತೊಡೆಗಳನ್ನು ಚಿಪ್ಪಿನ ಮೇಲಂಚಿನಿಂದ 15 ಸೆಂ.ಮೀ. ಮೇಲೆ ಅಳೆದು ಬರೆದಿಟ್ಟುಕೊಳ್ಳಿ, ಮುಂದೆ ಹೋಲಿಸಲು ಬೇಕಾಗುತ್ತದೆ. ಇವತ್ತಿನಿಂದಲೇ ಮಾಡಬಹುದಾದ ವ್ಯಾಯಾಮ ಹೀಗಿದೆ: ಕಾಲು ನೀಡಿ ಕುಳಿತು ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ನೆಲಕ್ಕೆ ಅದುಮುವಂತೆ ತೊಡೆಯನ್ನು ಬಿಗಿದು ಐದಾರು ಎಣಿಸುವವರೆಗೆ ಹಿಡಿಯಿರಿ. ಚಿಪ್ಪು ಸೊಂಟದ ಕಡೆಗೆ ಸರಿಯುವುದು ಕಣ್ಣಿಗೆ ಕಾಣಬೇಕು. ಹತ್ತು ಹತ್ತರಂತೆ ದಿನಕ್ಕೆ ಹಲವು ಸಲ ಮಾಡಿ. ಆಮೇಲೆ ಬೆನ್ನ ಮೇಲೆ ಮಲಗಿ ಮಂಡಿಯನ್ನು ಪೂರ್ತಿ ನೀಟಮಾಡಿ ಕಾಲನ್ನು ಒಂದಡಿ ಮೇಲೆತ್ತಿ. ಎತ್ತುವಾಗ ಮಂಡಿ ತುಸುವಾದರೂ ಮಡಚಿಕೊಂಡರೆ ಸ್ನಾಯು ಇನ್ನೂ ಸಿದ್ಧವಿಲ್ಲ, ಮೊದಲ ವ್ಯಾಯಾಮಕ್ಕೇ ಹಿಂದಿರುಗಿ. ಹಿಮ್ಮಡಿಯನ್ನು ಚಾಪೆಯ ಮೇಲೆ ಜಾರಿಸುತ್ತ ಮಂಡಿಯನ್ನು ಮಡಚುವುದು, ಹಿಮ್ಮಡಿಯ ಕೆಳಗೆ ದಿಂಬಿಟ್ಟು ಮಂಡಿಯನ್ನು ಪೂರ್ತಿ ನೀಟವಾಗಲು ಬಿಡುವುದು, ಇವೂ ಸೇರಲಿ. ಪೂರ್ತಿ ಮಡಚುವುದು ತಡವಾದರೆ ಅಷ್ಟು ಚಿಂತೆಯಿಲ್ಲ. ಪೂರ್ತಿ ನೀಟವಾಗದ ಮಂಡಿ ಮಾತ್ರ ಕುಂಟನ್ನು ಕಾಯಂ ಮಾಡುತ್ತದೆ, ಅದಕ್ಕೆ ಮೊದಲ ಗಮನ ಕೊಡಿ.

ಒಂದು ಎಚ್ಚರಿಕೆ. ಜಿಮ್ಮಿನ ಗೆಳೆಯರು ಪಾದದ ಗಂಟಿಗೆ ತೂಕ ಕಟ್ಟಿ, ಪಕ್ಕಕ್ಕೆ ಮಲಗಿ ಕೆಳಗಿನ ಕಾಲನ್ನು ಒಳಕ್ಕೆತ್ತುವ ವ್ಯಾಯಾಮ ಹೇಳಿಕೊಡಬಹುದು. ತೂಕ ಗಂಟಿನಲ್ಲಿದ್ದಾಗ ಅದು ನಿಮ್ಮ ಮಂಡಿಯ ಒಳಬದಿಯನ್ನೇ ಬಿಡಿಸಲು ಎಳೆಯುತ್ತದೆ. ಈ ಹಂತದಲ್ಲಿ ಅದು ಬೇಡ, ಮಾಡಲೇಬೇಕಿದ್ದರೆ ತೂಕ ಮಂಡಿಗಿಂತ ಮೇಲಿರಲಿ. ಹಾಗೆಯೇ ನೋವಿನ ಜಾಗವನ್ನು ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸುವುದು, ನಾಟಿ ಕಟ್ಟು ಹಾಕಿಸಿ ಮಂಡಿಯನ್ನು ಅಲುಗದಂತೆ ಮಾಡುವುದು, ಎರಡೂ ಬೇಡ. ಸುತ್ತಮುತ್ತ ಹಗುರವಾಗಿ ಸವರಿದರೆ ಅಡ್ಡಿಯಿಲ್ಲ.

ಬ್ರೇಸ್ ಬಿಡುವುದು ಯಾವಾಗ? ಒಳಬದಿಯ ಗ್ರೇಡ್ 2 ಪೆಟ್ಟಿಗೆ ಸಾಮಾನ್ಯವಾಗಿ ಮೂರರಿಂದ ಆರು ವಾರ ಕೀಲಿನ ಬ್ರೇಸ್ ಹಾಕಿಸುತ್ತಾರೆ. ನೀವು ಆ ಅವಧಿಯ ಕೊನೆಗೆ ಬಂದಿದ್ದೀರಿ. ಆದರೆ ಕ್ಯಾಲೆಂಡರ್ ಒಂದನ್ನೇ ನಂಬುವ ಬದಲು ಮಂಡಿಯನ್ನು ಕೇಳುವುದು ಒಳ್ಳೆಯದು. ಒಳಬದಿಯನ್ನು ಬೆರಳಿನಿಂದ ಒತ್ತಿದಾಗ ನೋವು ಬಹುತೇಕ ಇಲ್ಲವಾಗಿರಬೇಕು, ಊತ ಇರಬಾರದು, ಮಂಡಿ ಇನ್ನೊಂದರಷ್ಟೇ ನೀಟವಾಗಬೇಕು ಮತ್ತು ಬಹುತೇಕ ಅಷ್ಟೇ ಮಡಚಬೇಕು, ಕಾಲೆತ್ತುವಾಗ ಸೋಲಬಾರದು, ಕುಂಟದೆ ನಡೆಯಬೇಕು. ಇದರ ಮೇಲೆ ಡಾಕ್ಟರು ಮಂಡಿಯನ್ನು 30 ಡಿಗ್ರಿ ಮಡಚಿ ಪಕ್ಕಕ್ಕೆ ಒತ್ತಿ ನೋಡಿ, ಅದು ಎಲ್ಲೋ ಒಂದು ಕಡೆ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಹೇಳಬೇಕು. ಕಾಲನ್ನು ಪೂರ್ತಿ ನೀಟಮಾಡಿ ಒತ್ತಿದಾಗಲೂ ಒಳಬದಿ ಬಾಯಿಬಿಟ್ಟರೆ ಪೆಟ್ಟು ವರದಿಗಿಂತ ದೊಡ್ಡದು, ಆಗ ಲೆಕ್ಕವೇ ಬೇರೆ. ಎಲ್ಲ ಸರಿಯಿದ್ದರೆ ಮೊದಲು ರಾತ್ರಿ ಮಲಗುವಾಗ ಬಿಡಿ, ಅನಂತರ ಮನೆಯೊಳಗೆ, ಆಮೇಲೆ ಸಮತಟ್ಟಾದ ರಸ್ತೆಯಲ್ಲಿ. ತೋಟದ ಬಸಿಗಾಲುವೆ ದಾಟುವಾಗ, ಒದ್ದೆ ಸೋಗೆಯ ಮೇಲೆ ಕಾಲಿಡುವಾಗ, ನೂಕುನುಗ್ಗಲಿನ ಬಸ್ಸಿನಲ್ಲಿ ಇನ್ನೂ ಕೆಲವು ವಾರ ಹಾಕಿಕೊಳ್ಳಿ. ಇದೆಲ್ಲ ಆಪರೇಷನ್ ಆಗದವರಿಗೆ ಹೇಳಿದ ಮಾತು. ಆಪರೇಷನ್ ಆದವರಿಗೆ ಅವರ ಸರ್ಜನ್ ಕೊಟ್ಟ ದಿನಾಂಕವೇ ಅಂತಿಮ.

ಮಲಗುವಾಗ ಪಕ್ಕಕ್ಕೆ ತಿರುಗಿದರೆ ಎರಡು ಕಾಲುಗಳ ನಡುವೆ ಮಂಡಿಯಿಂದ ಪಾದದ ಗಂಟಿನವರೆಗೆ ಬರುವ ಉದ್ದನೆಯ ದಿಂಬಿಡಿ. ಊಟಕ್ಕೆ ನೆಲದ ಮೇಲೆ ಕೂರುವಾಗ ಎರಡೂ ಕಾಲುಗಳನ್ನು ಒಂದೇ ಮಗ್ಗುಲಿಗೆ ಮಡಚಿಕೊಂಡು ಕೂರುವ ಭಂಗಿ ನಿಮ್ಮ ಒಳಬದಿಯ ಲಿಗಮೆಂಟಿಗೆ ಹೆಚ್ಚು ಕೆಟ್ಟದ್ದು. ಚಕ್ಕಳಮಕ್ಕಳ ಕುಳಿತಾಗ ಎಳೆತ ಹೆಚ್ಚಾಗಿ ಬೀಳುವುದು ಹೊರಬದಿಯ ಲಿಗಮೆಂಟಿಗೆ, ಆದರೂ ಮಂಡಿ ಪೂರ್ತಿ ಮಡಚುವ ತನಕ ಕುರ್ಚಿಯೇ ಸಾಕು. ಶೌಚಕ್ಕೆ ಸದ್ಯ ಕಮೋಡ್ ಅಥವಾ ನಡುವೆ ತೂತಿರುವ ಕುರ್ಚಿ ಬಳಸಿ.

ಬೈಕಿನ ಪ್ರಶ್ನೆಯಲ್ಲಿ ಜನ ಗೇರು, ಬ್ರೇಕುಗಳನ್ನಷ್ಟೇ ಯೋಚಿಸುತ್ತಾರೆ. ನಿಮ್ಮದು ಬಲಗಾಲು, ಹಿಂಬದಿಯ ಬ್ರೇಕ್ ಅದರಲ್ಲೇ ಇದೆ ಎಂಬುದು ನಿಜ, ಆದರೆ ದೊಡ್ಡ ಅಪಾಯ ಅದಲ್ಲ. ಜಾರುವ ಮಣ್ಣುರಸ್ತೆಯಲ್ಲಿ ಬೈಕ್ ವಾಲಿದಾಗ ತಟಕ್ಕನೆ ಕಾಲು ಚಾಚಿ ನೂರಕ್ಕೂ ಹೆಚ್ಚು ಕಿಲೋ ತೂಕವನ್ನು ತಡೆಯಲು ಹೋಗುತ್ತೇವಲ್ಲ, ಆಗ ಮಂಡಿ ಬಾಗುವುದು ಸರಿಯಾಗಿ ನಿಮಗೆ ಪೆಟ್ಟಾದ ದಿಕ್ಕಿಗೇ. ಬಲಗಾಲೊಂದರ ಮೇಲೆ ಅರ್ಧ ನಿಮಿಷ ಅಲುಗಾಡದೆ ನಿಲ್ಲಲು, ಒಂದು ಮೆಟ್ಟಿಲನ್ನು ಮಂಡಿ ಒಳಕ್ಕೆ ವಾಲದಂತೆ ಹತ್ತು ಸಲ ಇಳಿಯಲು ಸಾಧ್ಯವಾಗುವವರೆಗೆ ಬೈಕ್ ಬೇಡ. ಕಿಕ್ಕರ್ ಹೊಡೆಯುವುದಂತೂ ಇನ್ನೂ ತಡವಾಗಿ.

ಪಂದ್ಯಾವಳಿಯ ಹೊತ್ತಿಗೆ ಪೆಟ್ಟಾಗಿ ಸುಮಾರು ಹದಿಮೂರು ವಾರ ಆಗಿರುತ್ತದೆ. ಒಳಬದಿಯ ಗ್ರೇಡ್ 2 ಪೆಟ್ಟು ಮಾತ್ರ ಆಗಿದ್ದರೆ, ವ್ಯಾಯಾಮ ಸರಿಯಾಗಿ ನಡೆದಿದ್ದರೆ, ಆಟಕ್ಕೆ ಮರಳಲು ಅದು ಸಾಕಾಗುವ ಕಾಲವೇ. ನಿಮ್ಮ ವಿಷಯದಲ್ಲಿ ಎ.ಸಿ.ಎಲ್. ಬಿಗಿಯಾಗಿದೆ ಎಂದು ಪರೀಕ್ಷೆಯಲ್ಲಿ ಗೊತ್ತಾಗಬೇಕು, ಪೆಟ್ಟಾದ ಕಾಲಿನ ಬಲ ಮತ್ತು ಒಂಟಿಗಾಲ ಜಿಗಿತದ ದೂರ ಇನ್ನೊಂದರ ಶೇ. 90ರಷ್ಟಾದರೂ ಆಗಬೇಕು, ತಿರುಗಿ ಓಡುವುದು, ತಟ್ಟನೆ ನಿಲ್ಲುವುದು ಅಭ್ಯಾಸದಲ್ಲಿ ಸರಾಗವಾಗಿರಬೇಕು. ಆಗ ಆಡಿ. ಎ.ಸಿ.ಎಲ್. ಸಡಿಲವೆಂದಾದರೆ ಈ ವರ್ಷದ ಜಾತ್ರೆಯಲ್ಲಿ ನೀವು ಅಂಕಣದ ಹೊರಗೆ ಕುಳಿತು ನೋಡುವುದೇ ಸರಿ. ‘ಬ್ರೇಸ್ ಕಟ್ಟಿಕೊಂಡು ಆಡುತ್ತೇನೆ’ ಎಂಬುದು ಇವೆರಡರ ನಡುವಿನ ಹಾದಿಯಲ್ಲ. ಬ್ರೇಸಿನ ಲೋಹಕ್ಕೂ ನಿಮ್ಮ ಮೂಳೆಗೂ ನಡುವೆ ಮೆತ್ತನೆಯ ಮಾಂಸವಿದೆ. ಸಣ್ಣ ಬಲಕ್ಕೆ ಮುಂಗಾಲಿನ ಮೂಳೆ ಮುಂದಕ್ಕೆ ಜಾರುವುದನ್ನು ಬ್ರೇಸ್ ಕಡಿಮೆ ಮಾಡಬಲ್ಲದು, ಆಟದಲ್ಲಿ ಬೀಳುವ ಬಲಕ್ಕೆ ಅದು ತಾಳುವುದಿಲ್ಲ ಎಂದು ಪ್ರಯೋಗಗಳು ತೋರಿಸಿವೆ. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದ 1396 ಕೆಡೆಟ್‌ಗಳ ಮೇಲೆ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬ್ರೇಸ್ ಹಾಕಿದವರಲ್ಲಿ ಮಂಡಿ ಪೆಟ್ಟುಗಳ ಸಂಖ್ಯೆ ಕಡಿಮೆಯಾಯಿತು, ಆದರೆ ಆದ ಪೆಟ್ಟುಗಳ ತೀವ್ರತೆ ಗಣನೀಯವಾಗಿ ತಗ್ಗಲಿಲ್ಲ. ಕಬಡ್ಡಿಯಲ್ಲಂತೂ ಎದುರಾಳಿಗಳು ಕಾಲನ್ನೇ ಹಿಡಿಯುತ್ತಾರೆ. ಲೋಹದ ಪಟ್ಟಿ ಅವರ ಕೈಬೆರಳನ್ನೂ ಹಲ್ಲನ್ನೂ ಮುರಿಯಬಹುದು.

ಕ್ರಿಕೆಟಿಗರು ಬೇಗ ಮರಳುತ್ತಾರಲ್ಲ ಎಂದು ನನ್ನನ್ನು ಕೇಳುವವರಿಗೆ ನಾನು ನೆನಪಿಸುವುದು ರಿಷಭ್ ಪಂತ್ ಅವರನ್ನು. 2022ರ ಡಿಸೆಂಬರ್ 30ರ ಕಾರು ಅಪಘಾತದಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡ ಅವರು, ದೇಶದ ಉತ್ತಮ ವೈದ್ಯರೂ ಫಿಸಿಯೋಗಳೂ ಜೊತೆಗಿದ್ದು, ಮತ್ತೆ ಸ್ಪರ್ಧಾತ್ಮಕ ಪಂದ್ಯ ಆಡಿದ್ದು 2024ರ ಮಾರ್ಚ್‌ನಲ್ಲಿ. ಅವರದು ನಿಮ್ಮದಕ್ಕಿಂತ ಬಹಳ ದೊಡ್ಡ ಪೆಟ್ಟು, ಅಷ್ಟು ಕಾಲ ನಿಮಗೆ ಬೇಕಾಗುವುದಿಲ್ಲ.

ಕೆಲವು ಲಕ್ಷಣಗಳು ಕಂಡರೆ ಮುಂದಿನ ಭೇಟಿಯ ದಿನಾಂಕ ಕಾಯಬಾರದು. ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಅದರ ಜೊತೆಗೆ ಉಸಿರುಕಟ್ಟುವುದು, ಎದೆನೋವು ಬಂದರೆ ಅದು ತುರ್ತು ಪರಿಸ್ಥಿತಿ, ತಕ್ಷಣ ಆಸ್ಪತ್ರೆಗೆ ಹೋಗಿ. ಮಂಡಿ ಅರ್ಧಕ್ಕೆ ಸಿಕ್ಕಿಕೊಂಡು ನೀಟವಾಗದೇ ಹೋದರೆ ಒಳಗಿನ ಮೆನಿಸ್ಕಸ್ (ಎರಡು ಮೂಳೆಗಳ ನಡುವಿನ ಮೆತ್ತೆಯಂಥ ಮೃದ್ವಸ್ಥಿ) ತುಂಡಾಗಿ ಮಡಚಿಕೊಂಡಿರಬಹುದು. ಪಾದ ತಣ್ಣಗಾಗಿ ಬಿಳಿಚಿಕೊಂಡರೆ, ಅಥವಾ ಪಾದ ಮೇಲೆತ್ತಲಾಗದಿದ್ದರೆ ಬ್ರೇಸ್ ಬಿಚ್ಚಿ ಅದೇ ದಿನ ತೋರಿಸಿ.

ನಿಮ್ಮ ತಾಯಿಯವರಿಗೆ ಈ ಬ್ರೇಸ್ ಬೇಡ. ಅಳತೆ ಹೊಂದದಿರುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಅವರ ಮಂಡಿನೋವು ಸವೆತದ್ದಾಗಿದ್ದರೆ ಅಲ್ಲಿ ಹರಿದ ಲಿಗಮೆಂಟ್ ಇಲ್ಲ, ಕಾಯುವುದಕ್ಕೆ ಆರು ವಾರದ ಅವಧಿಯೂ ಇಲ್ಲ. ಸವೆತಕ್ಕೆಂದೇ, ಭಾರವನ್ನು ಮಂಡಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ವರ್ಗಾಯಿಸುವ ಬೇರೆ ಬಗೆಯ ಬ್ರೇಸುಗಳಿವೆ, ಅವನ್ನು ಎಕ್ಸ್-ರೇ ನೋಡಿ, ಕಾಲಿನ ಬಾಗು ಅಳೆದು ಕೊಡಬೇಕು. ಅದಕ್ಕೂ ಮೊದಲು ಅವರಿಗೆ ಬೇಕಾದದ್ದು ನಾನು ಮೇಲೆ ನಿಮಗೆ ಹೇಳಿದ ಟವೆಲ್ ಅದುಮುವ ವ್ಯಾಯಾಮ ಮತ್ತು ಕಾಲೆತ್ತುವ ವ್ಯಾಯಾಮ. ಸಂಜೆ ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಮಾಡಬಹುದು.